ತಂದೆಯವರ ಸಂಗ್ರಹದ ಪಟಗಳ ಹಿಂದೆ ಹಳೆಯ ಚಿತ್ರಗಳು ಸಿಕ್ಕಿವೆ: ಅವರವೇ ಎಂದು ತಿಳಿಯುವುದು, ಪಟ್ಟಿಗೆ ಸೇರಿಸುವುದು ಹೇಗೆ?

ಮಾಳಮಡ್ಡಿಯವಳು (ಪ್ರಶ್ನೆ)

ನಮ್ಮ ತಂದೆ ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ, ಕೂಡಿಸಿಟ್ಟಿದ್ದ ಅಚ್ಚಿನ ಪಟಗಳ ಪಟ್ಟಿ ಮಾಡುತ್ತಿದ್ದೇನೆ. ರವಿವರ್ಮ ಪ್ರೆಸ್ಸಿನ ಓಲಿಯೋಗ್ರಾಫ್‌ಗಳು (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚುಗಳು), 1950ರ ದಶಕದ ಕ್ಯಾಲೆಂಡರ್ ಪಟಗಳು, ನಿಸರ್ಗದೃಶ್ಯಗಳು ಸೇರಿ ಒಟ್ಟು 112. ಬಹುತೇಕ ಎಲ್ಲಕ್ಕೂ ಕಟ್ಟು ಹಾಕಿಸಿದ್ದಾರೆ.

ಹಿಂದಿನ ಹಲಗೆ ಸಡಿಲಾಗಿದ್ದ 7 ಪಟಗಳನ್ನು ಬಿಚ್ಚಿದೆ. ಅವುಗಳಲ್ಲಿ ನಾಲ್ಕರ ಒಳಗೆ, ಅಚ್ಚಿಗೂ ಹಲಗೆಗೂ ನಡುವೆ, ಕೈಯಲ್ಲಿ ಬರೆದ ಚಿತ್ರಗಳಿದ್ದವು: ಎರಡು ಜಲವರ್ಣ, ಒಂದು ಇದ್ದಿಲಿನ ತಲೆ, ಒಂದು ಪೆನ್ಸಿಲಿನ ಹೂಜಿ-ಬಟ್ಟಲು. ಒಂದರ ಮೂಲೆಯಲ್ಲಿ ದೇವನಾಗರಿಯ ಎರಡು ಅಕ್ಷರ ಮತ್ತು ‘54’ ಎಂದಿದೆ. ಇನ್ನೊಂದರ ಮೇಲೆ ಕೆಂಪು ಪೆನ್ಸಿಲಿನಲ್ಲಿ 17/25. ತಂದೆಯವರು ಆಮೇಲೆ ಬರೆದ ಚಿತ್ರಗಳಲ್ಲೆಲ್ಲ ಕನ್ನಡದ ಪೂರ್ತಿ ರುಜು ಇರುತ್ತದೆ. ಅವರು ಓದುವಾಗ ಬರೆದ ಚಿತ್ರಗಳನ್ನು ನಾವ್ಯಾರೂ ನೋಡಿಲ್ಲ. ಒಂದು ಪಟದ ಒಳಗೆ 1961ರ ‘ಸಂಯುಕ್ತ ಕರ್ನಾಟಕ’ದ ಹಾಳೆಯೂ ಇತ್ತು. ಟ್ರಂಕಿನ ತಳದಲ್ಲಿ ಬಿಗಿಯಾಗಿ ಸುತ್ತಿದ ಒಂದು ಸುರುಳಿ ಇದೆ. ಬಿಡಿಸಹೋದರೆ ಅಂಚು ಮುರಿಯುತ್ತದೆ, ಅಲ್ಲಲ್ಲಿ ಬಿಳಿ ಪುಡಿ ಕಾಣುತ್ತದೆ.

ಇವು ತಂದೆಯವರವೇ ಎಂದು ಹೇಗೆ ನಿರ್ಧರಿಸಬೇಕು? ಸಂಗ್ರಹದ ಪಟ್ಟಿಗೇ ಸೇರಿಸಬೇಕೇ, ಬೇರೆ ಪಟ್ಟಿ ಬೇಕೇ? ಉಳಿದ ಪಟಗಳನ್ನೂ ಬಿಚ್ಚಿ ನೋಡಬಹುದೇ?

ಕಡತದಕಟ್ಟು

ಮೇಡಂ, ಉಳಿದ ಪಟಗಳನ್ನು ಬಿಚ್ಚುವ ಮೊದಲು ಈಗಾಗಲೇ ಬಿಚ್ಚಿರುವ ಏಳರ ವಿವರ ಬರೆದಿಡಿ. ಯಾವ ಪಟದ ಹಿಂದೆ ಯಾವ ಹಾಳೆ ಇತ್ತು, ಯಾವ ಮುಖ ಯಾವ ಕಡೆಗಿತ್ತು, ಪತ್ರಿಕೆಯ ಹಾಳೆ ಚಿತ್ರದ ಮುಂದಿತ್ತೋ ಹಿಂದಿತ್ತೋ ಎಂಬುದೆಲ್ಲ ಬೇಕು. ರುಜು ಇಲ್ಲದ ಹಾಳೆಗಳ ಮಟ್ಟಿಗೆ ನಿಮ್ಮ ಕೈಲಿರುವ ಪುರಾವೆ ಬಹುಮಟ್ಟಿಗೆ ಅವು ಸಿಕ್ಕ ಜಾಗ ಒಂದೇ. ಎಲ್ಲವನ್ನೂ ಒಂದೇ ಫೈಲಿಗೆ ಪೇರಿಸಿಬಿಟ್ಟರೆ ಅದು ಹೋದಂತೆ.

ಹೊರಗೆ ತೆಗೆದಾಗಿದ್ದು ಯಾವುದು ಎಲ್ಲಿತ್ತೆಂದು ಮರೆತಿದ್ದರೆ ಹಾಳೆಯ ಮೈಯನ್ನೇ ನೋಡಿ. ಬರಿಯ ಮರದ ಹಲಗೆಗೆ ತಾಗಿಕೊಂಡಿದ್ದ ಕಾಗದದ ಮೇಲೆ ಮರದ ಆಮ್ಲ ಇಳಿದು, ಎಳೆ ಮತ್ತು ಗಂಟುಗಳ ಕಂದು ಅಚ್ಚು ಮೂಡಿರುತ್ತದೆ. ಎರಡು ಹಲಗೆ ಕೂಡಿದ ಸಂದಿನಲ್ಲಿ ಕಪ್ಪಗಿನ ಒಂದು ಪಟ್ಟಿ ಇರುತ್ತದೆ. ಆ ಗಂಟು ಯಾವ ಹಲಗೆಯ ಗಂಟಿಗೆ ಕೂಡುತ್ತದೆ ಎಂದು ಇಟ್ಟು ನೋಡಿದರೆ ಜೋಡಿ ಸಿಗುತ್ತದೆ. ಹಾಗಾಗಿ ಹಳೆಯ ಹಲಗೆಗಳನ್ನು ಸದ್ಯಕ್ಕೆ ಎಸೆಯಬೇಡಿ.

ಪಟ್ಟಿ ಎರಡಿರಲಿ, ಒಂದಕ್ಕೊಂದು ಕೊಂಡಿ ಇರಲಿ. ಸಂಗ್ರಹಕ್ಕೆ ಈಗಿರುವ ಸಂಖ್ಯೆಗಳನ್ನು ಮುಟ್ಟಬೇಡಿ: ‘ಸಂ-1’ರಿಂದ ‘ಸಂ-112’. ಹೊಸದಾಗಿ ಸಿಕ್ಕವಕ್ಕೆ ‘ಕೃ-1’ (ಕೃ ಎಂದರೆ ಕೃತಿ) ಎಂದು ಬೇರೆ ಸಾಲು ಶುರು ಮಾಡಿ, ‘ಸಿಕ್ಕ ಜಾಗ’ ಎಂಬ ಕಲಮಿನಲ್ಲಿ ‘ಸಂ-38ರ ಒಳಗೆ, ಅಚ್ಚಿನ ಹಿಂದೆ, ಚಿತ್ರದ ಮುಖ ಹಲಗೆಯ ಕಡೆಗೆ’ ಎಂದು ಬರೆಯಿರಿ. ಸಂ-38ರ ಸಾಲಿನಲ್ಲೂ ‘ಒಳಗೆ ಕೃ-1 ಇತ್ತು’ ಎಂದಿರಬೇಕು. ಒಂದೇ ಹಾಳೆಯ ಎರಡೂ ಬದಿಯಲ್ಲಿ ಚಿತ್ರವಿದ್ದರೆ ಸಂಖ್ಯೆ ಒಂದೇ, ಬದಿಗೆ ‘ಅ’ ಮತ್ತು ‘ಆ’. ಸುರುಳಿಗೆ ಮೊದಲು ಇಡಿಯಾಗಿ ಒಂದು ಸಂಖ್ಯೆ ಕೊಡಿ, ‘ಕೃ-5’ ಎಂದಿಟ್ಟುಕೊಳ್ಳಿ. ಬಿಡಿಸಿದ ಮೇಲೆ ಹೊರಗಿನಿಂದ ಒಳಕ್ಕೆ ಅದೇ ಕ್ರಮದಲ್ಲಿ 5.1, 5.2 ಎಂದು ಹೋಗಿ. ಹಾಳೆಯ ಮೇಲೆ ಸಂಖ್ಯೆ ಬರೆಯುವುದು ಹಿಂಬದಿಯ ಕೆಳಗಿನ ಎಡಮೂಲೆಯಲ್ಲಿ, 2ಬಿ ಪೆನ್ಸಿಲಿನಿಂದ, ಒತ್ತದೆ, ಕೆಳಗೆ ಗಟ್ಟಿಯಾದ ನುಣುಪು ಹಲಗೆ ಇಟ್ಟುಕೊಂಡು. ಬಾಲ್‌ಪೆನ್ನು, ಮಾರ್ಕರ್, ಸ್ಟಿಕರ್ ಯಾವುದೂ ಬೇಡ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ, ಸೆಂಟಿಮೀಟರಿನಲ್ಲಿ ಒಂದು ದಶಮಾಂಶದವರೆಗೆ. ಹಾಳೆಯ ಮೇಲಿನ ಬರಹವನ್ನು ಇದ್ದ ಲಿಪಿಯಲ್ಲೇ, ತಿದ್ದದೆ, ಅದಿರುವ ಮೂಲೆ ಸಮೇತ ನಕಲು ಮಾಡಿ.

ಈಗ ಕರ್ತೃವಿನ ವಿಷಯ. ತಂದೆಯವರ ಮನೆಯಲ್ಲಿ ಸಿಕ್ಕಿದ್ದೆಲ್ಲ ತಂದೆಯವರದಲ್ಲ. ಸಹಪಾಠಿಯದಿರಬಹುದು, ಮುಂದೆ ಅವರ ವಿದ್ಯಾರ್ಥಿಗಳು ಬರೆದದ್ದಿರಬಹುದು. ಕಟ್ಟು ಹಾಕುವ ಅಂಗಡಿಯವರು ತಮ್ಮಲ್ಲಿದ್ದ ರದ್ದಿ ಕಾಗದವನ್ನೇ ಒತ್ತಾಗಿ ತುಂಬಿರುವುದೂ ಉಂಟು. ಆದ್ದರಿಂದ ಮೂರು ಮಟ್ಟ ಇಟ್ಟುಕೊಳ್ಳಿ: ‘ರುಜುವಿನಿಂದ ಖಚಿತ’, ‘ಹೋಲಿಕೆಯಿಂದ ಅವರದೆನ್ನಬಹುದು’, ‘ಅವರ ಬಳಿ ಸಿಕ್ಕಿದ್ದು, ಕರ್ತೃ ತಿಳಿಯದು’. ಯಾವ ಆಧಾರದ ಮೇಲೆ ಆ ಮಟ್ಟ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಮನೆಯವರಿಗೆ ಎಲ್ಲವೂ ಅಪ್ಪನದೇ ಅನ್ನಿಸುವುದು ಸಹಜ. ಆದರೆ ಒಮ್ಮೆ ಪಟ್ಟಿಯಲ್ಲಿ ಖಚಿತವೆಂದು ಕೂತಿದ್ದನ್ನು ಮುಂದಿನವರು ಮತ್ತೆ ಪರೀಕ್ಷಿಸುವುದಿಲ್ಲ.

ದೇವನಾಗರಿ ರುಜುವಿನಲ್ಲಿ ವಿಚಿತ್ರವೇನೂ ಇಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಚಿತ್ರಕಲೆ ಕಲಿಯಲು ಈ ಕಡೆಯಿಂದ ಮುಂಬಯಿಯ ಜೆ.ಜೆ. ಸ್ಕೂಲಿನವರೆಗೆ ಹೋದವರಿದ್ದಾರೆ, ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳೂ ಮುಂಬಯಿಯವೇ. ಧಾರವಾಡದಲ್ಲೇ ಹಾಲಭಾವಿಯವರ ಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ಶಾಲೆ ಇದ್ದವು. ತಂದೆಯವರ ಸರ್ಟಿಫಿಕೇಟುಗಳು, ಸೇವಾ ಪುಸ್ತಕ ಸಿಕ್ಕರೆ ಯಾವ ವರ್ಷ ಎಲ್ಲಿ ಕಲಿತರೆಂದು ಗೊತ್ತಾಗುತ್ತದೆ. ಹಳೆಯ ಪಠ್ಯಪುಸ್ತಕ, ಹಾಜರಿ ಪತ್ರ, ಕಾಗದಗಳಲ್ಲಿ ಆ ಎರಡು ಅಕ್ಷರದ ರುಜು ಇನ್ನೊಮ್ಮೆ ಕಂಡರೆ ಬಹುಪಾಲು ಕೆಲಸ ಮುಗಿಯಿತು.

ಕೆಂಪು ಪೆನ್ಸಿಲಿನ ಅಂಕಿ ನೋಡಿ ಅದು ಸರ್ಕಾರಿ ಪರೀಕ್ಷೆಯ ಹಾಳೆ ಎಂದುಕೊಳ್ಳಬೇಡಿ. ಪರೀಕ್ಷೆಯ ಹಾಳೆಗಳು ಸಾಮಾನ್ಯವಾಗಿ ವಿದ್ಯಾರ್ಥಿಯ ಕೈಗೆ ವಾಪಸ್ ಬರುವುದಿಲ್ಲ, ಇದು ತರಗತಿಯ ಅಭ್ಯಾಸವಿರಬೇಕು. ಆ ಹಾಳೆಯಲ್ಲಿ ಗುರುಗಳು ತಿದ್ದಿದ ಗೆರೆ ಇದೆಯೇ ಹುಡುಕಿ. ಹೂಜಿಯ ಬಾಯಿಯ ಅಂಡಾಕಾರದ ಮೇಲೆ ಒಂದೇ ಎಳೆತದ ಗಟ್ಟಿ ಗೆರೆ ಇದ್ದರೆ ಅದು ಸಾಮಾನ್ಯವಾಗಿ ಗುರುಗಳ ಕೈ. ನೆರಳಿಗೆ ಹಾಕಿದ ಅಡ್ಡಗೆರೆಗಳ ಓಟವನ್ನೂ ನೋಡಿ. ಬಲಗೈಯವರ ಗೆರೆ ಸಾಮಾನ್ಯವಾಗಿ ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ವಾಲುತ್ತದೆ, ಎಡಗೈಯವರದು ಅದಕ್ಕೆ ತಿರುಗುಮುರುಗು. ತಂದೆಯವರು ಯಾವ ಕೈಯಲ್ಲಿ ಬರೆಯುತ್ತಿದ್ದರು ಎಂಬುದು ನಿಮಗೇ ಗೊತ್ತು.

ಪತ್ರಿಕೆಯ ಹಾಳೆಯಿಂದ ತಪ್ಪು ಲೆಕ್ಕ ಮಾಡುವುದು ಸುಲಭ. 1961ರ ಪತ್ರಿಕೆ ಒಳಗಿದೆ ಎಂದರೆ ಕಟ್ಟು ಹಾಕಿದ್ದು 1961ಕ್ಕಿಂತ ಮುಂಚೆ ಅಲ್ಲ, ಅಷ್ಟೇ. ಚಿತ್ರ ಅದಕ್ಕಿಂತ ಹಳೆಯದು ಎಂದು ಅದೊಂದರಿಂದಲೇ ಹೇಳಲಾಗದು; 1965ರಲ್ಲಿ ಬರೆದು, ಮನೆಯಲ್ಲಿದ್ದ ಹಳೆಯ ಪತ್ರಿಕೆಯ ಜೊತೆ 1966ರಲ್ಲಿ ಕಟ್ಟು ಹಾಕಿಸಿರಲೂಬಹುದು. ಅಂಗಡಿಯ ಚೀಟಿ ಅಂಟಿಸಿದ್ದರೆ ಅದನ್ನು ಓದಿ. ಬೆಲೆ ಆಣೆಯಲ್ಲಿದ್ದರೆ ಬಹುಶಃ 1957ರ ಏಪ್ರಿಲಿಗೂ ಹಿಂದಿನದು, ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ನಂತರದ್ದು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನೀರಚ್ಚು (ತಯಾರಿಸುವಾಗಲೇ ಕಾಗದದೊಳಗೆ ಮೂಡಿಸಿದ ಗುರುತು) ಕಾಣಬಹುದು. ವಾಟ್‌ಮನ್ ಕಾಗದದಲ್ಲಿ ಕೆಲವೊಮ್ಮೆ ಇಸವಿಯೇ ಇರುತ್ತದೆ. ಆದರೆ ಅದು ಕಾಗದ ತಯಾರಾದ ವರ್ಷ, ಚಿತ್ರ ಬರೆದದ್ದಲ್ಲ.

ಕಟ್ಟಿನಂಗಡಿ_ಹುಬ್ಬಳ್ಳಿ

ಅಕ್ಕಾರ, ಪಟಾ ಬಿಚ್ಚೂದ್ರ ಬಗ್ಗೆ ಹೇಳ್ತೀನ್ರಿ. ಎಲ್ಲಾ ಒಮ್ಮೆಲೆ ಬಿಚ್ಚಬ್ಯಾಡ್ರಿ. ಮೊದಲ ಹಿಂದಿನ ಕಡೆ ನೋಡ್ರಿ. ಖಾಕಿ ಕಾಗದ ಹಚ್ಚಿ, ಅಂಚು ಸಾಪ್ ಇದ್ರ ಅದು ಅಂಗಡಿ ಕೆಲಸ. ಮೊಳಿ ಸೊಟ್ಟ ಇದ್ದು, ಒಂದೊಂದು ಒಂದೊಂದು ನಮೂನಿ ಇದ್ರ ಮನಿಯೊಳಗ ಬಿಚ್ಚಿ ಮತ್ತ ಹೊಡದಾರ ಅಂತ ತಿಳೀಬೇಕು. ನಿಮ್ಮ ಅಪ್ಪಾರ ಕೈಯಿಂದ ಏನರ ಒಳಗ ಹೋಗಿದ್ರ ಇಂಥಾ ಪಟದಾಗ ಹೋಗಿರತದ. ಅವನ್ನ ಮೊದಲ ನೋಡ್ರಿ.

ಮೇಜಿನ ಮ್ಯಾಲೆ ದಪ್ಪ ಕಂಬಳಿ ಹಾಸಿ, ಮ್ಯಾಲೊಂದು ಬಿಳಿ ಬಟ್ಟಿ ಹಾಕಿ, ಪಟಾ ಬೋರಲ ಇಡ್ರಿ. ಖಾಕಿ ಕಾಗದಾನ ಒಳಗಿನ ಅಂಚಿನಗುಂಟ ಬ್ಲೇಡಿನಿಂದ ಕೊಯ್ರಿ, ಆದರ ಬ್ಲೇಡಿನ ತುದಿ ಎರಡು ಮಿಲಿಮೀಟರಿಗಿಂತ ಒಳಗ ಹೋಗಬಾರದು. ಚೀಟಿ ಇದ್ರ ಆ ಭಾಗ ಸುತ್ತ ಬಿಟ್ಟು ಕೊಯ್ರಿ. ಹಳೇ ಮೊಳಿ ತುಕ್ಕ ಹಿಡದು ಮರಕ್ಕ ಕಚ್ಚಿಕೊಂಡಿರತಾವ. ಸುತ್ತಿಗಿ ಮುಟ್ಟಬ್ಯಾಡ್ರಿ, ಬಡದ್ರ ಗಾಜು ಒಡೀತದ. ಸಣ್ಣ ಮೂತಿ ಇಕ್ಕಳದಿಂದ ಮೊಳಿ ಹಿಡದು, ಎಡಕ್ಕ ಬಲಕ್ಕ ಸಾವಕಾಶ ತಿರುವಿ ಸಡಲ ಮಾಡಿ ನೆಟ್ಟಗ ಎಳೀರಿ. ಇಕ್ಕಳಕ್ಕೂ ಹಲಗಿಗೂ ನಡಕ ಒಂದು ಹಳೇ ಪೋಸ್ಟಕಾರ್ಡ್ ಇಟ್ಟಿದ್ರ ಮೂತಿ ಜಾರಿ ಒಳಗಿನ ಕಾಗದಕ್ಕ ಗಾಯ ಆಗಂಗಿಲ್ಲ.

ಹಲಗಿ ಎತ್ತಿದ ಮ್ಯಾಲೆ ಒಂದೊಂದ ಪದರಕ್ಕೂ ಒಂದು ಫೋಟೋ ತಗದು ಮುಂದ ಹೋಗ್ರಿ. ಗಾಜಿಗೆ ಅಚ್ಚು ಅಂಟಿದ್ರ ಅಲ್ಲಿಗೇ ನಿಲ್ಲಸ್ರಿ. ಓಲಿಯೋಗ್ರಾಫಿಗೆ ಮ್ಯಾಲೆ ವಾರ್ನಿಶ್ ಇರತದ, ಮಳಿಗಾಲದ ಹಸಿಗೆ ಅದು ಮೆತ್ತಗಾಗಿ ಗಾಜಿಗೆ ಹತ್ತಿರತದ. ಎಳದ್ರ ಬಣ್ಣ ಗಾಜಿಗೇ ಉಳೀತದ. ಗಾಜು ಸಮೇತ ಹಂಗ ಇಡ್ರಿ, ಹಿಂದಿನ ಚಿತ್ರ ಅಷ್ಟ ತಗೀರಿ. ರವಿವರ್ಮ ಪ್ರೆಸ್ಸಿನ ಹೆಸರು ಕೆಳಗಿನ ಬಿಳಿ ಅಂಚಿನ್ಯಾಗ ಸಣ್ಣಕ್ಷರದಾಗ ಇರತದ, ಕಟ್ಟಿನ ತುಟಿ ಅದನ್ನ ಮುಚ್ಚಿರತದ. ಬಿಚ್ಚಿದಾಗ ಓದಿ ಬರಕೋರಿ, ಮತ್ತ ಆ ಸಂಧಿ ಸಿಗಂಗಿಲ್ಲ.

ತಿರುಗಿ ಕಟ್ಟು ಹಾಕುವಾಗ ಹಳೇ ಹಲಗಿ ನೇರ ಹಚ್ಚಬ್ಯಾಡ್ರಿ, ಎಂಡಿಎಫ್ ಅಂತೂ ಬ್ಯಾಡೇ ಬ್ಯಾಡ. ಆಮ್ಲ ಇಲ್ಲದ ಬೋರ್ಡು ನಡಕ ಇರಲಿ. ಗಾಜಿಗೂ ಚಿತ್ರಕ್ಕೂ ಎರಡು ಮೂರು ಮಿಲಿಮೀಟರ್ ಸಂದು ಬರೂಹಂಗ ಕಿಟಕಿ ಮೌಂಟ್ (ನಡಕ ಕಿಟಕಿಹಂಗ ಕೊರದ ದಪ್ಪ ರಟ್ಟು) ಹಾಕಿಸ್ರಿ. ಅಪ್ಪಾರ ಚಿತ್ರ ತಿರುಗಿ ಪಟದ ಹಿಂದ ಹೋಗಬಾರದು.

ಕಾಗದವೈದ್ಯೆ

ಸುರುಳಿಯ ವಿಷಯಕ್ಕೆ ಬರುತ್ತೇನೆ. ಮೊದಲು ಆ ಬಿಳಿ ಪುಡಿ ಏನೆಂದು ತಿಳಿಯಬೇಕು. ಎನ್-95 ಮಾಸ್ಕ್, ನೈಟ್ರೈಲ್ ಕೈಗವಸು ಹಾಕಿಕೊಂಡು, ಒಣಗಿದ ಮೃದು ಕುಂಚದ ತುದಿಯನ್ನು ಪುಡಿಯ ಮೇಲೆ ಆಡಿಸಿ. ಹಿಸುಕಿದಂತೆ ಮೆತ್ತಿಕೊಂಡು ಗೆರೆ ಎಳೆದರೆ ಬೂಷ್ಟು ಇನ್ನೂ ಜೀವಂತವಾಗಿದೆ. ಪುಡಿಪುಡಿಯಾಗಿ ಹಾರಿದರೆ ಸುಪ್ತವಾಗಿದೆ, ಸತ್ತಿದೆ ಎಂದಲ್ಲ. ಜೀವಂತವಿದ್ದರೆ ಸುರುಳಿಯನ್ನು ಉಳಿದ ಎಲ್ಲದರಿಂದ ದೂರ, ಗಾಳಿಯಾಡುವ ಒಣ ಕೋಣೆಯಲ್ಲಿ ಇಡಿ; ತೇವಾಂಶ ಶೇ 55ಕ್ಕಿಂತ ಕೆಳಗಿರಲಿ. ಫ್ಯಾನನ್ನು ಅದರ ಮೇಲೆ ನೇರ ಬಿಡಬೇಡಿ, ಬೀಜಕಣ ಮನೆಯೆಲ್ಲ ಹರಡುತ್ತದೆ. ಬಿಸಿಲಿಗೂ ಹಾಕಬೇಡಿ, ಬೂಷ್ಟು ಸಾಯುವುದಕ್ಕಿಂತ ಮೊದಲು ಜಲವರ್ಣ ಮಾಸುತ್ತದೆ. ಒಣಗಿದ ಮೇಲೆ ಮನೆಯ ಹೊರಗೆ, ವ್ಯಾಕ್ಯೂಮಿನ ಮೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕುಂಚದಿಂದ ಪುಡಿಯನ್ನು ಅದರತ್ತ ಸರಿಸಿ. ಡೆಟಾಲ್, ಸ್ಯಾನಿಟೈಸರ್, ಬೇವಿನೆಣ್ಣೆ ಯಾವುದನ್ನೂ ಕಾಗದಕ್ಕೆ ತಾಗಿಸಬಾರದು.

ಬೂಷ್ಟು ಇಲ್ಲವೆಂದು ಖಚಿತವಾದ ಮೇಲೆ ಸುರುಳಿ ಬಿಡಿಸುವ ಕೆಲಸ. ಒಣಗಿದ ಕಾಗದದ ನಾರು ಬಾಗುವುದಿಲ್ಲ, ಮುರಿಯುತ್ತದೆ; ಗಾಳಿಯ ತೇವ ಕುಡಿಸಿದರೆ ಸಡಿಲಗೊಳ್ಳುತ್ತದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಹಿಂಡಿದ ಒದ್ದೆ ಟವೆಲ್ ಹಾಸಿ. ಅದರ ಮೇಲೆ ನಾಲ್ಕು ಬಟ್ಟಲು ಬೋರಲು ಹಾಕಿ, ಪ್ಲಾಸ್ಟಿಕ್ ಜಾಲರಿ ಇಟ್ಟು, ಜಾಲರಿಯ ಮೇಲೆ ಸುರುಳಿ ಇಡಿ. ಟವೆಲಿಗೂ ಸುರುಳಿಗೂ ಕನಿಷ್ಠ ಐದು ಸೆಂಟಿಮೀಟರ್ ಅಂತರವಿರಲಿ. ಮುಚ್ಚಳದ ಒಳಮೈಗೆ ಬ್ಲಾಟಿಂಗ್ ಪೇಪರ್ ಅಂಟಿಸಿ, ಇಲ್ಲದಿದ್ದರೆ ಹಬೆ ಹನಿಯಾಗಿ ಚಿತ್ರದ ಮೇಲೆ ಬೀಳುತ್ತದೆ. ಮುಚ್ಚಿ, ಅರ್ಧ ಗಂಟೆಗೊಮ್ಮೆ ನೋಡಿ. ಎರಡರಿಂದ ನಾಲ್ಕು ಗಂಟೆಯಲ್ಲಿ ಹೊರಗಿನ ಸುತ್ತು ತಾನೇ ಸಡಿಲಾಗತೊಡಗುತ್ತದೆ. ಎಷ್ಟು ಬಿಟ್ಟುಕೊಡುತ್ತದೋ ಅಷ್ಟೇ ಬಿಡಿಸಿ, ಮತ್ತೆ ಒಳಗಿಡಿ. ಆಷಾಢ-ಶ್ರಾವಣದ ಧಾರವಾಡದಲ್ಲಾದರೆ ಡಬ್ಬವೂ ಬೇಡ. ಆಗಿನ ಗಾಳಿಯೇ ಸಾಕಷ್ಟು ಹಸಿ. ಒಟ್ಟಿಗೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ತೇವದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.

ಬಿಡಿಸಿದ ಜಲವರ್ಣ ಅಥವಾ ಪೆನ್ಸಿಲ್ ಹಾಳೆಯನ್ನು ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಪ್ಲೈವುಡ್ಡು, ಅದರ ಮೇಲೆ ಸಮನಾಗಿ ಪುಸ್ತಕಗಳ ಭಾರ. ಬ್ಲಾಟಿಂಗ್ ಪೇಪರನ್ನು ಅರ್ಧ ಗಂಟೆಗೆ, ಆಮೇಲೆ ಎರಡು ಗಂಟೆಗೆ, ಆಮೇಲೆ ದಿನಕ್ಕೊಮ್ಮೆ ಬದಲಿಸಿ. ಒಂದು ವಾರ ಬಿಡಿ. ಇಲ್ಲಿ ಅವಸರ ಮಾಡಿದರೆ ಹಾಳೆ ಅಲೆಅಲೆಯಾಗಿ ಒಣಗುತ್ತದೆ. ಪೋಸ್ಟರ್ ಕಲರ್, ದಪ್ಪ ಟೆಂಪೆರಾ ಇದ್ದರೆ ಈ ತೇವದ ಕ್ರಮವೇ ಬೇಡ, ಬಣ್ಣದ ಪದರ ಏಳುತ್ತದೆ. ಇದ್ದಿಲು, ಪೇಸ್ಟಲ್‌ಗೆ ಭಾರ ಹೇರಬಾರದು. ನಿಮ್ಮ ಇದ್ದಿಲಿನ ತಲೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲೂ ಇಡಬೇಡಿ, ಪ್ಲಾಸ್ಟಿಕ್ಕಿನ ವಿದ್ಯುದಾವೇಶಕ್ಕೆ ಇದ್ದಿಲ ಕಣ ಎದ್ದು ಅದಕ್ಕೆ ಹತ್ತುತ್ತದೆ. ನಾಲ್ಕು ಬದಿಗೂ ಬೋರ್ಡಿನ ಪಟ್ಟಿ ಇಟ್ಟು ಎತ್ತರಿಸಿ, ಮೇಲಿನ ಮುಚ್ಚು ತಾಗದಂತೆ ಇಡಿ.

ಸೆಲೋಟೇಪ್ ಇದ್ದರೆ ಕೀಳಬೇಡಿ. ಹಳೆಯ ಟೇಪಿನ ಪ್ಲಾಸ್ಟಿಕ್ ತಾನೇ ಉದುರುತ್ತದೆ, ಕಂದು ಅಂಟು ಮಾತ್ರ ಕಾಗದದೊಳಗೆ ಇಳಿದಿರುತ್ತದೆ. ಅದನ್ನು ತೆಗೆಯಲು ದ್ರಾವಕ ಬೇಕು, ಮನೆಯಲ್ಲಿ ಆಗದ ಕೆಲಸ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ರಕ್ಷಣೆಯ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯಿದೆ. ಹರಿದವು, ಬೂಷ್ಟು ಹಿಡಿದವು, ಟೇಪಿನವು ಅಂಥ ಕಡೆಗೆ ಹೋಗಲಿ. ಲ್ಯಾಮಿನೇಶನ್ ಮಾಡಿಸುವ ಯೋಚನೆಯನ್ನು ಮನೆಯಲ್ಲಿ ಯಾರಾದರೂ ಎತ್ತಿದರೆ ದಯವಿಟ್ಟು ತಡೆಯಿರಿ, ಅದಕ್ಕೆ ಪರಿಹಾರವಿಲ್ಲ.

ಮಾಳಮಡ್ಡಿಯವಳು

ಎಲ್ಲರಿಗೂ ಧನ್ಯವಾದ. ಇನ್ನೊಂದು ಕಂಡಿದೆ. ಒಂದು ಕ್ಯಾಲೆಂಡರ್ ಪಟದ (1953ರದ್ದು) ಮೇಲೆ ಉದ್ದಕ್ಕೂ ಅಡ್ಡಕ್ಕೂ ತೆಳುವಾದ ಪೆನ್ಸಿಲ್ ಗೆರೆಗಳಿವೆ. ಯಾರೋ ಮಕ್ಕಳು ಗೀಚಿರಬೇಕೆಂದು ರಬ್ಬರಿನಿಂದ ಅಳಿಸಲು ಹೊರಟಿದ್ದೆ. ಅಳಿಸಬಹುದೇ?

ಕಡತದಕಟ್ಟು

ದಯವಿಟ್ಟು ಅಳಿಸಬೇಡಿ. ಆ ಗೆರೆಗಳ ನಡುವಿನ ಅಂತರ ಅಳೆಯಿರಿ. ಎಲ್ಲ ಕಡೆ ಒಂದೇ ಸಮ, ಒಂದು ಇಂಚೋ ಅರ್ಧ ಇಂಚೋ ಇದ್ದರೆ ಅದು ಚೌಕುಳಿ ಹಾಕಿದ್ದು. ಪಟವನ್ನು ದೊಡ್ಡದು ಮಾಡಿ ನಕಲು ಬರೆಯುವವರು ಮೂಲದ ಮೇಲೊಂದು, ಬಿಳಿ ಹಾಳೆಯ ಮೇಲೊಂದು ಚೌಕುಳಿ ಹಾಕಿಕೊಂಡು, ಒಂದೊಂದೇ ಚೌಕ ಎಣಿಸಿ ಗೆರೆ ಎತ್ತುತ್ತಾರೆ. ಈಗ ಸಿಕ್ಕಿರುವ ಹಾಳೆಗಳನ್ನು, ಸುರುಳಿ ಬಿಡಿಸಿದ ಮೇಲೆ ಅದರೊಳಗಿನವನ್ನೂ, ಓರೆ ಬೆಳಕಿನಲ್ಲಿ ನೋಡಿ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬಿಡಿ. ಜಲವರ್ಣದ ಅಡಿಯಲ್ಲಿ ಪೆನ್ಸಿಲ್ ಗೆರೆ ಅಳಿಸಿದ್ದರೂ ಒತ್ತಿದ ಗೀರು ಕಾಣುತ್ತದೆ.

ಎರಡೂ ಕಡೆ ಚೌಕಗಳ ಸಂಖ್ಯೆ ಒಂದೇ ಇದ್ದು, ಮೂಲದಲ್ಲಿ ಮೂಗಿನ ತುದಿ ಯಾವ ಚೌಕದ ಯಾವ ಮೂಲೆಗೆ ಬೀಳುತ್ತದೋ ನಕಲಿನಲ್ಲೂ ಅಲ್ಲಿಗೇ ಬಿದ್ದರೆ ಜೋಡಿ ಖಾತ್ರಿ. ಇಸವಿಗೂ ಒಂದು ಆಧಾರ ಸಿಕ್ಕಿತು. 1953ರ ಕ್ಯಾಲೆಂಡರು 1952ರ ಕೊನೆಗೆ ಕೈಗೆ ಬರುತ್ತದೆ. ನಕಲು ಅದಕ್ಕಿಂತ ಹಿಂದಿನದಾಗಲಾರದು. ಆ ಚಿತ್ರದ ಮೇಲೆ ‘54’ ಇದ್ದರೆ ಹೊಂದಿಕೊಳ್ಳುತ್ತದೆ.

ಹಾಗೆಯೇ ಉಳಿದ 111ನ್ನೂ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಓಲಿಯೋಗ್ರಾಫಿನ ವಾರ್ನಿಶ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅಂಥವಕ್ಕೆ ಅಂಚಿನಲ್ಲಿ ಗುಂಡುಸೂಜಿ ಚುಚ್ಚಿ ದಾರ ಕಟ್ಟಿ ಚೌಕುಳಿ ಮಾಡುತ್ತಾರೆ, ಆದ್ದರಿಂದ ಬಿಳಿ ಅಂಚಿನಲ್ಲಿ ಸಮಾನ ಅಂತರದ ಸೂಜಿ ತೂತುಗಳನ್ನು ಹುಡುಕಿ. ಕ್ಯಾಲೆಂಡರ್ ಪಟಗಳಲ್ಲಿ ಕಲಬುರಗಿಯ ಎಸ್.ಎಂ. ಪಂಡಿತರ (1916–1993) ರುಜು ಇರುವವು ಸಿಕ್ಕರೆ ವಿಶೇಷವಾಗಿ ಪರೀಕ್ಷಿಸಿ; ಆಕೃತಿ ಬರೆಯಲು ಕಲಿಯುವ ಈ ಕಡೆಯ ಹುಡುಗರಿಗೆ ಅಂಥ ಪಟ ಕೈಗೆಟಕುವ ಪಾಠವೇ ಸರಿ.

ನನ್ನ ಅಭಿಪ್ರಾಯ ಹೇಳುವುದಾದರೆ, ಈ ಪಟಗಳಲ್ಲಿ ಕೆಲವನ್ನಾದರೂ ತಂದೆಯವರು ಕೂಡಿಸಿಟ್ಟದ್ದು ಅಂದಕ್ಕಲ್ಲ, ಅವುಗಳಿಂದ ಕಲಿತದ್ದಕ್ಕೆ. ಹಾಗಿದ್ದರೆ ಸಂಗ್ರಹವನ್ನೂ ಚಿತ್ರಗಳನ್ನೂ ಒಡೆದು ಬೇರೆ ಬೇರೆ ಕಡೆ ಕೊಡುವುದು ದೊಡ್ಡ ನಷ್ಟ. ಪಟ್ಟಿಯಲ್ಲಿ ‘ಮೂಲ: ಸಂ-71’, ‘ನಕಲು: ಕೃ-3’ ಎಂದು ಎರಡೂ ಕಡೆ ಬರೆಯಿರಿ. ನಕಲು ಎಂದ ಮಾತ್ರಕ್ಕೆ ಅದು ಕೀಳಲ್ಲ. ಮೂಲದಿಂದ ಎಲ್ಲಿ ಸರಿದಿದ್ದಾರೆ, ಸೀರೆಯ ಮಡಿಕೆ ಬದಲಿಸಿದ್ದಾರೆಯೇ, ಹಿನ್ನೆಲೆಯ ಬೆಟ್ಟ ಬಿಟ್ಟಿದ್ದಾರೆಯೇ ಎಂದು ಎರಡು ಸಾಲು ಟಿಪ್ಪಣಿ ಬರೆಯಿರಿ. ಅವರ ಕಣ್ಣು ಎಲ್ಲಿತ್ತೆಂದು ಅದರಿಂದಲೇ ತಿಳಿಯುವುದು.

ನೆರಳುಬೆಳಕು

ಫೋಟೋ ಹೇಗೆ ತೆಗೆಯಬೇಕೆಂದು ಯಾರೂ ಹೇಳಲಿಲ್ಲ. ಫ್ಲ್ಯಾಶ್ ಬೇಡ. ಹಾಳೆಯನ್ನು ನೆಲದಲ್ಲಿಟ್ಟು, ಎರಡೂ ಬದಿಯಿಂದ ಒಂದೇ ಬಗೆಯ ಎಲ್‌ಇಡಿ ದೀಪವನ್ನು 45 ಡಿಗ್ರಿಯಲ್ಲಿ, ಒಂದೇ ದೂರದಲ್ಲಿ ಇಡಿ. ಕೋಣೆಯ ಬೇರೆ ದೀಪ ಆರಿಸಿ, ಕಿಟಕಿ ಮುಚ್ಚಿ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಹಾಳೆಗೆ ಸಮಾನಾಂತರ. ಹಾಳೆಯ ಮಧ್ಯದಲ್ಲಿ ಸಣ್ಣ ಕನ್ನಡಿ ಇಟ್ಟಾಗ ಲೆನ್ಸ್ ತನ್ನ ಬಿಂಬದ ನಟ್ಟನಡುವೆ ಕಂಡರೆ ಸರಿಯಾಗಿದೆ ಎಂದರ್ಥ. ಪಕ್ಕದಲ್ಲಿ ಅಳತೆಪಟ್ಟಿ, (ಬಣ್ಣ ಸರಿಹೊಂದಿಸಲು) ಬೂದು ಕಾರ್ಡು ಇರಲಿ. ಫೋನಿನಲ್ಲಾದರೆ ಎರಡು ಪಟ್ಟು ಜೂಮ್ ಲೆನ್ಸ್ ಬಳಸಿ, ಅಗಲ ಲೆನ್ಸಿನಲ್ಲಿ ಅಂಚು ಬಾಗುತ್ತದೆ. ಸ್ಕ್ಯಾನರಿಗೆ ಪೆನ್ಸಿಲ್ ಹಾಳೆ ಹಾಕಬಹುದು, ಮೂಲ ಗಾತ್ರಕ್ಕೆ 400 ಡಿಪಿಐ, ಟಿಫ್ ಕಡತ. ಇದ್ದಿಲನ್ನು ಸ್ಕ್ಯಾನರಿನ ಗಾಜಿಗೆ ತಾಗಿಸಲೇಬಾರದು.

ಪ್ರತಿ ಹಾಳೆಗೂ ಕನಿಷ್ಠ ಮೂರು ಚಿತ್ರ: ಮುಂಬದಿ, ಹಿಂಬದಿ, ಓರೆ ಬೆಳಕಿನದು. ಕಡತದ ಹೆಸರು ಪಟ್ಟಿಯ ಸಂಖ್ಯೆಯೇ ಆಗಿರಲಿ, ‘ಕೃ-3-ಅ’, ‘ಕೃ-3-ಆ’, ‘ಕೃ-3-ಓರೆ’. ಮೂರು ಪ್ರತಿ ಇಡಿ, ಒಂದು ಬೇರೆ ಊರಿನಲ್ಲಿರುವ ಅಣ್ಣತಮ್ಮ, ಅಕ್ಕತಂಗಿಯರ ಮನೆಯಲ್ಲಿ.

ಹಾಗೆಂದಾಗ ನೆನಪಾಯಿತು. ಅಚ್ಚು ಹಾಕಿಸುವುದು, ಪ್ರದರ್ಶನ, ಮಾರಾಟ ಏನಾದರೂ ಯೋಚನೆಯಿದ್ದರೆ, ವಿಲ್ ಇಲ್ಲದಿದ್ದಲ್ಲಿ ಹಾಳೆ ಯಾರ ಕೈಲಿದ್ದರೂ ಕೃತಿಸ್ವಾಮ್ಯ ಎಲ್ಲ ವಾರಸುದಾರರಿಗೂ ಸೇರುತ್ತದೆ. ಎಲ್ಲರ ಒಪ್ಪಿಗೆಯನ್ನು ಒಂದು ಕಾಗದದಲ್ಲಿ ಬರೆಸಿ, ಕೃತಿಗಳ ಸಂಖ್ಯೆ ನಮೂದಿಸಿ ಸಹಿ ಮಾಡಿಸಿಕೊಳ್ಳಿ. ‘ಕರ್ತೃ ತಿಳಿಯದು’ ಎಂಬ ಮಟ್ಟದಲ್ಲಿರುವವನ್ನು ಆ ಕಾಗದಕ್ಕೆ ಸೇರಿಸಬೇಡಿ, ಅವು ಬೇರೆಯವರ ಹಕ್ಕಿನವಾಗಿರಬಹುದು.